ಸೈಕಲ್ ಮ್ಯಾಲೆ ಸಮುದ್ರಕ್ಕ: ಹೊಂಡೂಕಿಂತ ಮೊದಲ

ನಮ್ಮ ಆಡೂರಾಗ ಗಂಡಸು ಬಿದ್ದು ಎಲುಬು ಮುರಕೊಂಡ್ರ ಶಿಕ್ಷಾ ಯಾರಿಗೆ ಹೇಳ್ರಿ? ಮನ್ಯಾಗಿನ ಹೆಣ್ಣಮಕ್ಕಳಿಗೆ! ಸಿಟ್ಟು ಬರಬಾರದೇನ್ರಿ ನನಗ? ನಾ ಮಾದೇವಿ. ಹೊಲ, ಮನಿ, ಸಂಘ, ಎಲ್ಲಾ ನೋಡಾಕಿ. ಬಾಯಿ ಜೋರು ಅಂತಾರ. ಅನ್ಲಿ ಬಿಡ್ರಿ, ಇವತ್ತು ಜೋರಾಗೇ ಹೇಳ್ತೇನಿ.

ನನ್ನ ಮಗಳು ಅಂಕಿತಾ ಹಾನಗಲ್ಲಿನ ಕಾಲೇಜಿಗೆ ದಿನಾ ಸೈಕಲ್ ಮ್ಯಾಲೆ ಹೋಗ್ತಾಳ. ಹುಟ್ಟಿದಾಗಿಂದ ಸಮುದ್ರ ನೋಡಿಲ್ಲ. ಈ ಸಲ ಕಾಲೇಜಿನ ಐದು ಹುಡುಗ್ಯಾರು, ಜೋಡಿ ಅವರ ವ್ಯಾಯಾಮದ ಟೀಚರ್ರು, ಎಲ್ಲಾರೂ ಕೂಡಿ ಸೈಕಲ್ ಮ್ಯಾಲೆ ಹೋಗೂದು ಅಂತ ಗಟ್ಟಿ ಮಾಡಿದ್ರು. ಹಾನಗಲ್ಲಿಂದ ಶಿರಸಿ, ಅಲ್ಲಿಂದ ಘಟ್ಟ ಇಳದು ಕುಮಟಾ, ಮುಂದ ಸಮುದ್ರದ ದಂಡಿ ಹಿಡದು ಉಡುಪಿ ಮಟ. ಹುಡುಗಿ ಕಾಲು ನೆಲದ ಮ್ಯಾಲೆ ನಿಂದ್ರವಲ್ಲವಾಗಿದ್ವು.

ಅಷ್ಟರಾಗ ಬಂದ ನೋಡ್ರಿ ನನ್ನ ತಮ್ಮ ಸುದೀಪ. ಹೋದ ವರ್ಷ ಇವನೂ ಯಾರಿಗೂ ಹೇಳದ ಕೇಳದ ಸಮುದ್ರಕ್ಕಂತ ಸೈಕಲ್ ಹೊಡಕೊಂಡು ಹೋಗಿದ್ದ. ಘಟ್ಟದಾಗ ಬಿದ್ದು ಭುಜದ ಎಲುಬು ಮುರಕೊಂಡು ಟೆಂಪೋದಾಗ ವಾಪಸ್ ಬಂದ. ಲಾರಿ ಹೊಡೀತು ಅಂತ ಊರ ತುಂಬ ಹೇಳಿಕೋತ ಅಡ್ಡ್ಯಾಡಿದ್ದ.

"ಮಾವಾರ, ಅಂಕಿತಾನ ಕಳಸಬ್ಯಾಡ್ರಿ," ಅಂದ ನನ್ನ ಗಂಡಗ. "ನನ್ನಂಥಾ ಗಂಡಸ ಜೀವಂತ ಬಂದದ್ದ ದೊಡ್ಡದು. ಹುಡುಗ್ಯಾರು ಏನ್ ಮಾಡ್ತಾವು?"

ನಮ್ಮ ಮನಿಯವರು ಯಲ್ಲಪ್ಪ, ಒಳ್ಳೆಯವರ. ಆದ್ರ ಮಾತಿಗೆ ಜಲ್ದಿ ಬೀಳ್ತಾರ. "ಬ್ಯಾಡ ಅಂದ್ರ ಬ್ಯಾಡ," ಅಂದುಬಿಟ್ರು. ಅಂಕಿತಾ ಅರ್ಧ ರೊಟ್ಟಿ ಗಂಗಾಳದಾಗ ಬಿಟ್ಟು ಎದ್ದು ಹೋದ್ಲು.

ಐತವಾರ ಅಂಕಿತಾಳ ಗೆಳತಿ ಮಾಹೀರಾ ಬಂದ್ಲು. ಹುಲಗೂರಿನಾಕಿ, ಹಾನಗಲ್ಲಿನಾಗ ಹಾಸ್ಟೆಲ್ಲಿನಾಗ ಇರ್ತಾಳ. ಸಮುದ್ರಕ್ಕ ಹೊಂಟ ಐದು ಹುಡುಗ್ಯಾರಾಗ ಆಕಿನೂ ಒಬ್ಬಾಕಿ. ಸುದೀಪನೂ ಕಟ್ಟಿ ಮ್ಯಾಲೆ ಕುಂತಿದ್ದ.

"ಕಾಕಾ, ಬ್ಯಾಡ ಅನ್ರಿ. ಆದ್ರ ಎಲ್ಲಾ ಕೇಳಿ ಆಮ್ಯಾಲೆ ಅನ್ರಿ," ಅಂದ್ಲು ಮಾಹೀರಾ.

"ಹೇಳವಾ," ಅಂದ್ರು ನಮ್ಮ ಮನಿಯವರು. ಸುದೀಪ ಶುರು ಮಾಡಿದ. "ಮಳಿ ಬಂದ್ರ?"

"ಅದಕ್ಕ ಜನವರಿ ಹಿಡದೇವ್ರಿ ಮಾಮಾ. ಮಳಿಗಾಲದಾಗ ಘಟ್ಟಕ್ಕ ಸೈಕಲ್ ಒಯ್ಯಂಗಿಲ್ಲ."

"ಸಿಗ್ನಲ್ ಸಿಗದಿದ್ರ? ದಾರಿ ತಪ್ಪಿದ್ರ?"

"ನಕಾಶೆ ಮೊದಲ ಫೋನಿನಾಗ ಇಳಿಸಿಟ್ಟೇವಿ, ಸಿಗ್ನಲ್ ಇಲ್ಲದಿದ್ರೂ ತೋರಸ್ತೈತಿ. ಫೋನೂ ಸತ್ತಿತು ಅನ್ರಿ, ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ ಅಂತ ಊರು ಸಾಲಾಗಿ ಬರದು ಹ್ಯಾಂಡಲ್ಲಿಗೆ ಕಟ್ತೇವಿ. ದಕ್ಷಿಣಕ್ಕ ಹೊಂಟೇವಿ ಅಂದಮ್ಯಾಲೆ ಸಮುದ್ರ ಬಲಗೈಗೆ ಇರಬೇಕ್ರಿ. ಎಡಕ್ಕ ಬಂತು ಅಂದ್ರ ಉಲ್ಟಾ ಹೊಂಟೇವಿ ಅಂತ ತಿಳೀತೈತಿ. ಆ ದಿನದಾಗ ಮಧ್ಯಾಹ್ನದ ಮ್ಯಾಲೆ ಗಾಳಿನೂ ಹಿಂದಿಂದ ನೂಕ್ತೈತಂತ, ಹೋಗಿ ಬಂದವರು ಹೇಳ್ಯಾರ."

"ದಂಡಿ ರಸ್ತೆ ಸಪಾಟ ಇರ್ತೈತಿ. ಅದಕ್ಯಾಕ ಇಷ್ಟು ತಯಾರಿ?"

"ಸಪಾಟ ಇಲ್ರಿ, ಏರು ಇಳುವು ಭಾಳ ಅದಾವು. ಸೆಕಿ ಬ್ಯಾರೆ. ನಸುಕಿನಾಗ ಹೊಂಡೂದು, ಬಿಸಲಾಗ ಕುಂದ್ರೂದು, ಉಪ್ಪು ಸಕ್ಕರಿ ಹಾಕಿದ ನೀರು ಕುಡಿಯೂದು, ಹೊತ್ತು ಮುಳಗೂದ್ರಾಗ ವಸ್ತಿ ಹಿಡಿಯೂದು. ಎಲ್ಲೆಲ್ಲಿ ವಸ್ತಿ ಅಂತ ಟೀಚರ್ರು ಮೊದಲ ಮಾತಾಡಿ ಇಟ್ಟಾರ."

ನಮ್ಮ ಮನಿಯವರ ಮಾರಿ ಸಡಲಾತು. ಅದನ್ನ ನೋಡಿದ ಸುದೀಪ ಎದ್ದ ನಿಂತ. "ಲಾರಿಗೆ ಏನ್ ಮಾಡ್ತೀರಿ? ನನಗ ಹೊಡದದ್ದು ಲಾರಿ!"

"ಹೌದಲ್ಲ, ಲಾರಿ," ಅಂದ್ರು ನಮ್ಮವರು. ಮತ್ತ ಮಾರಿ ಬಿಗದ್ರು.

"ಲಾರಿ ಎಲ್ಲೆ ಹೊಡದೈತಿ ತೋರಸ್ರಿ ಮಾಮಾ," ಅಂದ್ಲು ಮಾಹೀರಾ. ಅವನ ಸೈಕಲ್ ಅವತ್ತಿಂದ ನಮ್ಮ ಹಿತ್ತಲದಾಗ ಬಿದ್ದಿತ್ತು. ಅಂಕಿತಾ ಎಳಕೊಂಡು ಬಂದ್ಲು. ಮಾಹೀರಾ ಬ್ರೇಕಿನ ಹಿಡಿಕಿ ಒತ್ತಿದ್ಲು. ಅದು ಲೊಡಲೊಡ ಅಂತು.

"ಮುಂದಿನ ಬ್ರೇಕಿನ ತಂತಿ ಎಲ್ರಿ?"

"ಬಿದ್ದಾಗ ಹರದಿರಬೇಕು."

"ಹರದಿದ್ರ ತುಂಡರ ಇರ್ತಿತ್ತು. ರಬ್ಬರೂ ಇಲ್ಲ, ನಟ್ಟೂ ಇಲ್ಲ. ಇದನ್ನ ಬಿಚ್ಚಿ ತಗದಾರ್ರಿ."

ಸುದೀಪನ ಮಾರಿ ನೆಲಾ ನೋಡ್ತು. "ತಗದಿದ್ನಿ," ಅಂದ ಕಡೀಗೆ. "ಮುಂದಿನ ಬ್ರೇಕ್ ಹಿಡದ್ರ ಪಲ್ಟಿ ಹೊಡೀತೈತಿ ಅಂತ ನಮ್ಮ ಊರಾಗ ಎಲ್ಲಾರೂ ತಗೀತಾರ. ಇಲ್ಲೆ ಚಪ್ಪಲಿ ಊರಿದ್ರ ಸೈಕಲ್ ನಿಲ್ತೈತಿ. ಘಟ್ಟದಾಗ ಹಿಂದಿನ ಬ್ರೇಕ್ ಹಿಡದ ಹಿಡದ ರಬ್ಬರ್ ಸವದುಬಿಡ್ತು. ಕಾಲು ಊರಿದ್ನಿ, ನಿಲ್ಲಲಿಲ್ಲ."

"ಲಾರಿ?" ಅಂತ ನಾ ಕೇಳಿದ್ನಿ.

"ಲಾರಿ ಇರಲಿಲ್ಲ ಅಕ್ಕಾ."

ನನ್ನ ಸಿಟ್ಟು ನೆತ್ತಿಗೇರಿತು ನೋಡ್ರಿ! "ನಾಚಿಕಿ ಆಗಲಿಲ್ಲೇನೋ ಖೋಡಿ? ನೀ ಬ್ರೇಕ್ ತಗದು ಬಿದ್ದಿ, ಅದಕ್ಕ ನನ್ನ ಮಗಳು ಮನ್ಯಾಗ ಕುಂದ್ರಬೇಕೇನು? ನಿನ್ನ ಮರ್ಯಾದಿ ಕಾಯಾಕ ಹುಟ್ಟ್ಯಾಳೇನು ಆಕಿ? " ಗಂಡನ ಕಡೆ ತಿರುಗಿದ್ನಿ. "ನೀವೂ ಅಷ್ಟರೀ! ಅವ ಬಾಯಿ ತಗದ್ರ ಖರೇ, ಮಗಳು ಬಾಯಿ ತಗದ್ರ ಬ್ಯಾಡ!" ಓಣಿ ಮಂದಿ ಇಣುಕಿ ನೋಡಿದ್ರು. ನೋಡ್ಲಿ ಅಂತ ಮತ್ತಷ್ಟು ಒದರಿದ್ನಿ.

ನಮ್ಮ ಮನಿಯವರು ಎದ್ದು ಹೋಗಿ ಅಂಕಿತಾಳ ಸೈಕಲ್ಲಿನ ಎರಡೂ ಬ್ರೇಕ್ ಒತ್ತಿ, ನೂಕಿ ನೋಡಿದ್ರು. ಗಾಲಿ ಅಲುಗಲಿಲ್ಲ. "ಘಟ್ಟ ಹೆಂಗ ಇಳೀತಿ?" ಅಂತ ಮಗಳನ್ನ ಕೇಳಿದ್ರು.

"ಎರಡೂ ಬ್ರೇಕ್ ಬಿಟ್ಟು ಬಿಟ್ಟು ಹಿಡೀತೇವಪ್ಪಾ. ನಡುವ ನಿಂತು ಕಾದ ಗಾಲಿ ಆರಸ್ತೇವಿ. ರಬ್ಬರ್ ಹೊಸಾವು ಹಾಕಸೇವಿ, ಎರಡು ಜೋಡಿ ಚೀಲದಾಗ ಅದಾವು."

"ದಿನಾ ಸಂಜಿಗೆ ಫೋನ್ ಮಾಡ್ಬೇಕು. ಹೋಗ್ ಬಾ," ಅಂದ್ರು.

ಹೋದ್ರು. ದಂಡಿ ಗುಂಟ ಒಂದು ಕಡೆ ಫೋನಿನ ನಕಾಶೆ ಹೊಳಿ ಮ್ಯಾಲೆ ಹಾದು ದಾರಿ ತೋರಿಸ್ತಂತ, ದೋಣಿ ಮ್ಯಾಲೆ ದಾಟೂ ದಾರಿ. ಇವರು ಹೊಳಿಗಿಂತ ಮೊದಲಿನ ಊರಾಗ ಚಾದಂಗಡ್ಯಾಗ ಕೇಳಿದ್ರು. ದೋಣಿ ಇವತ್ತು ಇಲ್ಲ ಅಂದ್ರು. ಬಿಸಲಾಗ ಹೊಳಿ ದಂಡ್ಯಾಗ ನಿಂದ್ರೂದು ತಪ್ಪಿತು, ಸೇತುವಿ ದಾರಿ ಹಿಡದು ಹೊತ್ತು ಮುಳಗೂದ್ರಾಗ ವಸ್ತಿಗೆ ಮುಟ್ಟಿದ್ರು.

ಅವತ್ತ ಸಂಜಿಗೆ ಅಂಕಿತಾಳ ಫೋನ್ ಬಂತು. "ಅವ್ವಾ, ಕೇಳು," ಅಂದು ಫೋನ್ ಸಮುದ್ರದ ಕಡೆ ಹಿಡದ್ಲು. ಭೋರ್ ಅಂತ ತೆರಿ ಕೇಳ್ತು. ನನಗ ಅಳು ಬಂತ್ರಿ. ಸಿಟ್ಟೂ ಬಂತು. ಇದನ್ನ ನನ್ನ ಮಗಳಿಗೆ ತಪ್ಪಸಾಕ ನಿಂತಿದ್ರಲ್ಲ ಅಂತ!

ಅಕ್ಕಗೋಳ್ರಾ, ಅಣ್ಣಗೋಳ್ರಾ, ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲೇ ಇರ್ರಿ, ಕೇಳ್ರಿ. ಇವತ್ತ ನಿಮ್ಮ ಮನಿ ಸೈಕಲ್ಲಿನ ಮುಂದಿನ ಬ್ರೇಕ್ ಒತ್ತಿ ನೋಡ್ರಿ. ತಗದಿದ್ರ ಹಾಕಸ್ರಿ. ದೂರ ಹೊಂಟವರನ್ನ ಎದುರಿಗೆ ಕುಂದ್ರಿಸಿ ಕೇಳ್ರಿ: ಯಾವ ದಾರಿ? ಎಲ್ಲೆ ವಸ್ತಿ? ಫೋನ್ ಸತ್ರ ಏನ್ ಮಾಡ್ತೀ? ಉತ್ತರ ಬರದಿದ್ರ ಗಂಡಸಾದ್ರೂ ಕಳಸಬ್ಯಾಡ್ರಿ. ಉತ್ತರ ಬಂತೋ, ಹುಡುಗಿ ಅಂತ ಅಡ್ಡ ನಿಂದ್ರಬ್ಯಾಡ್ರಿ. ದಾರಿ ಬಿಡ್ರಿ.