ಜಾಲಿ ಕೊರಡು

ಆ ಗುಂಡಿ ಇನ್ನೇನು ಬೀಳುತ್ತದೆ, ಒಂದೇ ಎಳೆಯಲ್ಲಿ ಜೋತಾಡುತ್ತಿದೆ, ಅಷ್ಟು ದೊಡ್ಡ ವಕೀಲ, ಕರಿಕೋಟಿಗೆ ಗುಂಡಿ ಹಚ್ಚಿಕೊಡುವವರು ಮನೆಯಲ್ಲಿ ಯಾರೂ ಇಲ್ಲವೇನೋ, ಅವನು ಕೈ ಎತ್ತಿದಾಗಲೆಲ್ಲ ಅದು ತೂಗುತ್ತದೆ — ನೀಲಗಂಗವ್ವ, ನಿಮ್ಮನ್ನೇ ಕೇಳುತ್ತಿರುವುದು, ಒಪ್ಪಿಗೆಯೋ ಇಲ್ಲವೋ, ಯೋಚಿಸಿ ಹೇಳಿ, ಅವಸರವಿಲ್ಲ, ಎನ್ನುತ್ತಿದ್ದಾರೆ ಮುನ್ಸೀಫರು. ಅವಸರವಿಲ್ಲವಂತೆ. ಹದಿನಾಲ್ಕು ತಿಂಗಳಿಂದ ಬನವಾಸಿಯ ಬಸ್ಸು ಹತ್ತಿ ಈ ಶಿರಸಿ ಕೋರ್ಟಿನ ಮೆಟ್ಟಿಲಲ್ಲಿ ಬುತ್ತಿ ಬಿಚ್ಚಿದ್ದಾಯಿತು, ಇನ್ನೆಲ್ಲಿಯ ಅವಸರ. ಎಷ್ಟು ಮೆತ್ತಗೆ ಹೇಳಿದ ಆ ವಕೀಲ, ಸ್ವಾಮಿ, ಸಾಕ್ಷಿ ಪುರಾವೆ ಏನೂ ಬೇಡ, ಈ ಹೆಂಗಸು ಕೊರಳಿನ ಲಿಂಗ ಅಂಗೈಯಲ್ಲಿ ಹಿಡಿದು, ನನ್ನ ಗಂಡ ನಲವತ್ತನೇ ಖೇಪಿನ ಮರ ಘಟ್ಟದ ಕೆಳಗೆ ಅಂಕೋಲೆಗೆ ಮುಟ್ಟಿಸಿದ್ದು ನಿಜ ಎಂದು ಹೇಳಲಿ, ನಮ್ಮ ಸಾವ್ಕಾರರು ಎಂಟುನೂರಾ ಐವತ್ತು ರೂಪಾಯಿ ಇಲ್ಲಿಯೇ ಕೊಡುತ್ತಾರೆ, ಹೇಳದಿದ್ದರೆ ದಾವೆ ವಜಾ ಆಗಲಿ. ಕೇಳುವುದಕ್ಕೆ ಎಷ್ಟು ಚೆಂದ, ಏನೋ ದಾನ ಮಾಡಿದ ಹಾಗೆ.

ಅಲ್ಲಿ ಕೂತಿದ್ದಾನೆ ಕಮಲಾಕರ ಸಾವ್ಕಾರ, ಕರಿ ಟೊಪ್ಪಿಗೆ ತೊಡೆಯ ಮೇಲೆ, ಮೀಸೆಯ ಅಡಿಯಲ್ಲಿ ನಗು, ಅವನಿಗೆ ಗೊತ್ತು, ನಮ್ಮ ಮನೆಯವರು ಲಿಂಗ ಹಿಡಿದು ಆಣೆ ಮಾಡುವುದಿಲ್ಲ, ನಿಜಕ್ಕೂ ಮಾಡುವುದಿಲ್ಲ. ಅದನ್ನು ಕಲಿತದ್ದೂ ನಮ್ಮ ಕಟ್ಟೆಯ ಮೇಲೆ ಕೂತು, ನಮ್ಮ ಎಮ್ಮೆಯ ಹಾಲು ಕುಡಿದು, ಮರ ಸಾಗಿಸಲು ಗಾಡಿ ಗೊತ್ತುಮಾಡಿಕೊಳ್ಳಲು ಬಂದ ದಿನ — ಅವತ್ತೇ ಪಕ್ಕದ ಮನೆಯವರು ಕರುವಿನ ತಕರಾರು ತೆಗೆದಿದ್ದರು, ಲಿಂಗ ಹಿಡಿದು ನಿಮ್ಮದು ಅನ್ನಿ, ಬಿಟ್ಟುಬಿಡ್ತೀವಿ ಎಂದಿದ್ದರು, ಅತ್ತೆ ಗುರುಶಾಂತವ್ವ ಎದ್ದು ಹೋಗಿ ತಾನೇ ಕರುವಿನ ಹಗ್ಗ ಬಿಚ್ಚಿ ಕೊಟ್ಟಳು, ಒಯ್ರಿ, ಕರಾ ಮತ್ತ ಹುಟ್ಟತೈತಿ, ಲಿಂಗ ಸಾಕ್ಷಿ ಹೇಳಾಕ ಬಂದಿಲ್ಲ. ಸಾವ್ಕಾರ ಹಾಲಿನ ಲೋಟ ಹಿಡಿದುಕೊಂಡು ನೋಡುತ್ತಿದ್ದ. ನೋಡಿ ಕಲಿತ. ಈಗ ಆ ಹಗ್ಗ ನನ್ನ ಕೈಗೆ ಕೊಟ್ಟಿದ್ದಾನೆ, ಬಿಚ್ಚು ಎಂದು. ಬೆಳಿಗ್ಗೆ ಹೊರಡುವಾಗಲೂ ಅತ್ತೆ ಅಂಗಳದಲ್ಲಿ ಕೊರಡಿನ ಮೇಲೆ ಕೂತು ಅವರೆಕಾಳು ಸುಲಿಯುತ್ತಿದ್ದಳು, ಮಂಡಿ ನೋವು, ನೆಲಕ್ಕೆ ಕೂರಲಾರಳು, ಆಣೆಗೀಣೆ ಅಂದ್ರ ಎದ್ದು ಬಾರವ್ವ, ಸುಳ್ಳಾದ್ರ ಲಿಂಗದ ಮುಂದ ಏನಂತ ನಿಂದರ್ತಿ. ಅವ್ವಾ ಬ್ಯಾಡ, ಬಿಡು — ಇದು ನಮ್ಮ ವಕೀಲ ಸಂಗಯ್ಯನವರು, ಕಟಕಟೆಯ ಹತ್ತಿರ ಬಗ್ಗಿ ಪಿಸುಗುಡುತ್ತಿದ್ದಾರೆ, ಹೊರಗ ಇನ್ನೂರು ಕೊಡ್ತೀನಿ ಅಂದಾನಲ್ಲ, ತಗೊಂಡು ಮುಗಸೋಣು. ಹೌದು, ಸಾವ್ಕಾರ ಅಂದಿದ್ದ, ಬೇವಿನ ಮರದ ಕೆಳಗೆ ನಿಂತು, ಎಂತಕ್ಕೆ ಬೇಕು ನಿಂಗೆ ಕೋರ್ಟು, ಇನ್ನೂರು ಕೊಡ್ತೆ, ತಕಂಡು ಹೋಗು. ನಾನೇನು ಅವನ ಬಾಗಿಲಿಗೆ ಭಿಕ್ಷೆಗೆ ಹೋಗಿದ್ದೆನೇ? ನಲವತ್ತು ಖೇಪು ಎಂದು ಛಾಪಾ ಕಾಗದದಲ್ಲಿ ಬರೆಸಿಕೊಂಡವನು ಅವನು, ಒಂದು ಕಡಿಮೆಯಾದರೂ ಬಾಕಿ ಹಣ ಇಲ್ಲ ಎಂದು ಸೇರಿಸಿದವನೂ ಅವನೇ, ಮರ ಮುಟ್ಟಿದ್ದಕ್ಕೆ ಕೊಟ್ಟ ಮೂವತ್ತೊಂಬತ್ತು ಚೀಟಿ ನನ್ನ ಹತ್ತಿರ ಇವೆ, ನಲವತ್ತನೆಯದು ಇಲ್ಲ. ಕೊನೆಯ ಖೇಪಿನ ಮರವನ್ನು ನಿನ್ನ ಗಂಡ ಘಟ್ಟದ ಮೇಲೆಯೇ ಯಾರಿಗೋ ಮಾರಿಕೊಂಡ ಎನ್ನುತ್ತಾನೆ. ಸತ್ತವನನ್ನು ಕಳ್ಳ ಎನ್ನುತ್ತಾನೆ. ಅದಕ್ಕೆ ಬಂದಿದ್ದೇನೆ ನಾನು, ಇನ್ನೂರಕ್ಕಲ್ಲ.

ಆದರೆ ಶಿವಪುತ್ರಪ್ಪ, ನೀನು ಸುಳ್ಳು ಹೇಳುತ್ತಿರಲಿಲ್ಲವೇ, ಇಲ್ಲಿ ನಮ್ಮಿಬ್ಬರ ಹೊರತು ಯಾರೂ ಕೇಳುತ್ತಿಲ್ಲ, ಬೀಡಿ ಬಿಟ್ಟೆ ಎಂದೆ ನೀನು, ಬಿಡಲಿಲ್ಲ, ತವರಿನ ಹಿತ್ತಾಳೆ ಕೊಡ ಕಳವಾಯಿತು ಎಂದೆ, ಆರು ತಿಂಗಳ ಮೇಲೆ ಎತ್ತುಗಳ ಕೊರಳಲ್ಲಿ ಹೊಸ ಗೆಜ್ಜೆ ಸರ ನೋಡಿ ನನಗೆ ತಿಳಿಯಿತು, ನಗುತ್ತಾ ನಿಂತಿದ್ದೆ ನೀನು ಬಾಗಿಲಲ್ಲಿ, ಆಳಿಗಿಂತ ಎತ್ತು ಚೆಂದ ಇರಬೇಕಲ್ಲೇನ ಗಂಗೀ. ಹಾಗೆ ನಗುವ ಮನುಷ್ಯ ಆ ಕೊನೆಯ ಖೇಪಿಗೆ ಹೋದವನು ಎರಡು ದಿನ ತಡವಾಗಿ ಬಂದ, ಕೈಯಲ್ಲಿ ಹಣವೂ ಇಲ್ಲ ಚೀಟಿಯೂ ಇಲ್ಲ, ಗಾಡಿಯಲ್ಲಿ ಒಂದು ಕೊರಡು ಮಾತ್ರ. ಕಾರಕೂನ ಊರಾಗಿಲ್ಲ, ಚೀಟಿ ಆಮ್ಯಾಲೆ ಕಳಿಸ್ತಾರಂತ, ಅವ್ವಗ ಕೂಡಾಕ ತಂದೀನಿ ನೋಡಿದನ್ನ. ನಾನು ಬೈದೆ, ರೊಕ್ಕ ಬಿಟ್ಟು ಕಟಿಗಿ ತಂದ್ಯಾ ಎಂದು ಇಡೀ ಓಣಿಗೆ ಕೇಳುವ ಹಾಗೆ ಬೈದೆ. ಮೂರನೇ ದಿನಕ್ಕೆ ಚಳಿಜ್ವರ, ಎಂಟನೇ ದಿನಕ್ಕೆ ಇಲ್ಲ. ಕೂರಿಸಿ, ಎಡಗೈಯಲ್ಲಿ ಅವನ ಲಿಂಗ ಇಟ್ಟು ಮಣ್ಣು ಕೊಟ್ಟೆವು, ಕೊನೆಗೆ ನಾನು ಆಡಿದ ಮಾತು ಬೈಗುಳ. ಅವನ ಬಾಯಿ ಮುಚ್ಚಿದೆ, ಊರಿಗೆ ಮರಳಿದ ಕಾರಕೂನ ಆ ಮರ ಕಂಡ ನೆನಪಿಲ್ಲ ಎನ್ನುತ್ತಾನೆ, ಸಾವ್ಕಾರನ ಸಂಬಳ ತಿನ್ನುವವನಿಗೆ ನೆನಪು ಎಲ್ಲಿಂದ ಬರಬೇಕು. ನಾನು ಕಣ್ಣಾರೆ ಕಂಡಿಲ್ಲ. ಕಾಣದ್ದಕ್ಕೆ ಲಿಂಗ ಹೇಗೆ ಹಿಡಿಯಲಿ, ಗೆಜ್ಜೆ ಸರದ ಹಾಗೆ ಇದೂ ಒಂದಾಗಿದ್ದರೆ, ಅಯ್ಯೋ ಶಿವನೇ, ಇದೂ ಒಂದಾಗಿದ್ದರೆ.

ಈ ಕಟಕಟೆಯ ಕಟ್ಟಿಗೆ ಎಷ್ಟು ನುಣ್ಣಗಾಗಿದೆ, ಮೇಲೆ ಮಾತ್ರ, ಕೆಳಗೆ ಬೆರಳು ಹಾಯಿಸಿದರೆ ತರಿತರಿ, ಎಷ್ಟು ಜನ ಇಲ್ಲಿ ಕೈ ಉಜ್ಜಿರಬೇಕು, ಒಂದು ಮಗ್ಗಲು ಸಪಾಟಾಗಲು ಎಷ್ಟು ಉಜ್ಜಬೇಕು — ಕೊರಡು. ಕೊರಡು ಹೋಗುವಾಗ ದುಂಡಗಿತ್ತು. ತಡಿ, ತಡಿ. ನಮ್ಮ ಹಿತ್ತಲಿನ ಜಾಲಿ, ಕೊನೆಯ ಖೇಪಿಗೆ ಹೊರಡುವ ಹಿಂದಿನ ದಿನ ಕಡಿದದ್ದು, ಒಂದು ತುದಿ ನಾನೇ ಹಿಡಿದಿದ್ದೆ, ಸುತ್ತಲೂ ಕಪ್ಪು ತೊಗಟೆ, ನಡುವೆ ದೊಡ್ಡದೊಂದು ಗಂಟು, ಅಂಗೈ ತರಚಿತು, ಇಷ್ಟು ಭಾರದ್ದು ಯಾಕ ಎಂದೆ, ಅರಬೈಲ್ ಘಟ್ಟ ಇಳಿಯೂಮುಂದ ಹಿಂದ ಇದನ್ನ ಕಟ್ಟಿ ಎಳೀಲಿಲ್ಲ ಅಂದ್ರ ಮರದ ಭಾರಕ್ಕ ಗಾಡಿ ಎತ್ತಿನ ಮ್ಯಾಲ ಹೋಗತೈತಿ ಗಂಗೀ. ಘಟ್ಟ ಇಳಿಯುವಾಗ. ಮರ ತುಂಬಿದ ಗಾಡಿಗೆ. ಘಟ್ಟದ ಮೇಲೆಯೇ ಮರ ಮಾರಿದ್ದರೆ ಕೊರಡು ಯಾಕೆ ಕಟ್ಟುತ್ತಿದ್ದ, ಬರಿಗಾಡಿಗೆ ಯಾರು ಕಟ್ಟುತ್ತಾರೆ, ಮೈಲಿಗಟ್ಟಲೆ ಕಲ್ಲು ರಸ್ತೆಯಲ್ಲಿ ಎಳೆದಾಡದೆ ಜಾಲಿಯಂಥ ಜಾಲಿ ಹಾಗೆ ಸವೆಯುತ್ತದೆಯೇ, ತೊಗಟೆ ಹೋಗಿ, ಗಂಟು ಅರ್ಧ ಹೋಗಿ, ಒಳಗಿನ ಕೆಂಪು ಕಾಣುವಷ್ಟು. ಅವ್ವಗ ಕೂಡಾಕ ಚಲೋ ಐತಿ, ಒಂದು ಮಗ್ಗಲು ನುಣ್ಣಗಾಗೇತಿ, ಎಂದಿದ್ದ. ಅದನ್ನೇ ಹೇಳಿದ್ದೆ ನೀನು, ನಾನು ಬೈಯುತ್ತಿದ್ದೆ. ಹದಿನಾಲ್ಕು ತಿಂಗಳಿಗೂ ಹೆಚ್ಚು ಕಾಲ ದಿನಾ ಅದರ ಸುತ್ತ ಕಸ ಗುಡಿಸಿದ್ದೇನೆ, ಎಂಥ ಕುರುಡಿ, ನಿನ್ನ ಚೀಟಿ ಅತ್ತೆಯ ಕೆಳಗೇ ಬಿದ್ದಿದೆ.

ಹಿಡೀತೇನ್ರಿ ಸಾಹೇಬ್ರ. ಯಾರ ದನಿ ಅದು, ನನ್ನದೇ, ಇಷ್ಟು ದೊಡ್ಡದಾಗಿ ಬಂತು, ಸಂಗಯ್ಯನವರು ತಲೆ ಎತ್ತಿದರು, ಸಾವ್ಕಾರನ ಟೊಪ್ಪಿಗೆ ನೆಲಕ್ಕೆ ಬಿತ್ತು, ಎಂತ ಎಂತ ಎಂದು ತನ್ನ ವಕೀಲನ ತೋಳು ಎಳೆಯುತ್ತಿದ್ದಾನೆ, ಸ್ವಾಮಿ, ಆ ಸೂಚನೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಅಪ್ಪಣೆ ಬೇಕು, ಆ ವಕೀಲನ ದನಿ, ಇಲ್ಲ, ಬರೆದಾಗಿದೆ, ನೀವು ಕೂತುಕೊಳ್ಳಿ, ಮುನ್ಸೀಫರ ದನಿ. ಕೂತುಕೋ, ಕೂತುಕೊಂಡು ನೋಡು, ಅವತ್ತು ಹಾಲು ಕುಡಿಯುತ್ತಾ ನೋಡಿದೆಯಲ್ಲ. ಅತ್ತೇ, ನೀವು ಬೈದರೆ ಬೈಯಿರಿ, ಕರುವಿಗೆ ನೀವು ಹಿಡಿಯಲಿಲ್ಲ, ರೊಕ್ಕಕ್ಕೆ ನಾನೂ ಹಿಡಿಯುವುದಿಲ್ಲ, ನಿಮ್ಮ ಮಗನ ಮಾತಿಗೆ ಹಿಡಿಯುತ್ತೇನೆ, ಅವನ ಅಂಗೈ ಮಣ್ಣಿನಲ್ಲಿದೆ, ನನ್ನದು ಮೇಲಿದೆ. ಶಿವದಾರ ಸರಿಸಿದೆ, ಲಿಂಗ ಸುತ್ತಿದ ಬಟ್ಟೆ ಬಿಚ್ಚಿದೆ, ಎಡ ಅಂಗೈಯಲ್ಲಿ ಅದು ತಣ್ಣಗಿದೆ, ನನ್ನ ಗಂಡ ನಲವತ್ತನೇ ಖೇಪು ಮುಟ್ಟಿಸ್ಯಾನ, ಹೇಳಿದೆ, ಕಣ್ಣ ಮುಂದೆ ಕೋರ್ಟಿಲ್ಲ ಸಾವ್ಕಾರನಿಲ್ಲ, ಅಂಗಳ, ಅವರೆಯ ಸಿಪ್ಪೆ, ಅತ್ತೆ ಎದ್ದಿದ್ದಾಳೆ, ಬಿಸಿಲು ಬಿದ್ದಿದೆ ಕೊರಡಿನ ಮೇಲೆ, ದುಂಡಗೆ ಹೋದದ್ದು, ಕೆಂಪಗೆ, ಅರ್ಧ ಗಂಟು, ಒಂದು ಮಗ್ಗಲು ಸಪಾಟು, ಒಂದು ಮಗ್ಗಲು ಸಪಾಟು —