ಎರಡನೇ ಬ್ರೇಕು

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಬ್ರೇಕು ಎರಡಿರುತ್ತವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂರುವ ನನ್ನಂಥ ಮೇಷ್ಟ್ರ ಕಾಲಡಿ. ಹತ್ತೊಂಬತ್ತು ವರ್ಷದಿಂದ ಆ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಹೊಟ್ಟೆ ಹೊರೆದಿದ್ದೇನೆ. ಕೈಕಾಲು ನಡುಗುವವರು, ಎಡ ಬಲ ಗೊತ್ತಿಲ್ಲದವರು, ಹಾರನ್ ಕೇಳಿದರೆ ಕಣ್ಣು ಮುಚ್ಚುವವರು, ಎಲ್ಲರೂ ನನ್ನ ಹತ್ತಿರ ಕಲಿತು ಪಾಸಾಗಿದ್ದಾರೆ. ಪಾಸಾಗದೆ ಉಳಿದವಳು ಒಬ್ಬಳೇ, ನನ್ನ ಹೆಂಡತಿ.

ಮೂರು ಸಲ ಪರೀಕ್ಷೆ, ಮೂರು ಸಲವೂ ಒಂದೇ ತಪ್ಪು. ಸಿಗ್ನಲಿನಲ್ಲಿ ಗೆರೆ ದಾಟಿ ನಿಲ್ಲಿಸಿದಳು. ಅವಳೇನು ದಡ್ಡಿಯಲ್ಲ, ಆಸ್ಪತ್ರೆಯಲ್ಲಿ ಹಿರಿಯ ನರ್ಸು. ಡಾಕ್ಟರು ಬರೆದ ಔಷಧಿ ಜಾಸ್ತಿಯೆನಿಸಿದರೆ "ಸರ್, ಇನ್ನೊಂದ್ಸಲ ನೋಡಿ" ಎನ್ನುವಷ್ಟು ಗಟ್ಟಿಗಿತ್ತಿ. ಊರಾಚೆಯ ಹೊಸ ಆಸ್ಪತ್ರೆಯಲ್ಲಿ ಒಂದು ವಾರ್ಡಿನ ಪೂರ್ತಿ ಜವಾಬ್ದಾರಿ ಅವಳಿಗೆ ಸಿಗುವುದಿತ್ತು. ಬೆಳಿಗ್ಗೆ ಆರಕ್ಕೆ ಅಲ್ಲಿರಬೇಕು, ಆ ಹೊತ್ತಿಗೆ ಬಸ್ಸಿಲ್ಲ, ನನಗೂ ಆರಕ್ಕೇ ಕ್ಲಾಸು. ನಾಲ್ಕನೇ ಸಲವೂ ಫೇಲಾದರೆ ಆ ಕೆಲಸ ಬೇರೆಯವರ ಪಾಲು.

ಅದೇ ಸಮಯಕ್ಕೆ ನಾನು ಒಬ್ಬ ಶಿಷ್ಯೆಯ ಮೇಲೆ ನಡುರಸ್ತೆಯಲ್ಲಿ ಕಿರುಚಾಡಿಬಿಟ್ಟೆ. ಸ್ಕೂಲಿನ ಮಾಲೀಕರು, "ಮೊದಲು ತಲೆ ಸರಿಮಾಡಿಸಿಕೊಂಡು ಬಾ, ಆಮೇಲೆ ಕಾರು," ಎಂದು ಒಬ್ಬ ಕೌನ್ಸೆಲರ್ ಮೇಡಂ ಹತ್ತಿರ ಕಳಿಸಿದರು. ಚಿಕ್ಕ ರೂಮು, ಎರಡು ಕುರ್ಚಿ, ಕಿರುಗುಟ್ಟುವ ಫ್ಯಾನು. ಮೊದಲ ಮೂರು ವಾರ ಇಡೀ ಲೋಕದ ತಪ್ಪುಗಳನ್ನು ಪಟ್ಟಿ ಮಾಡಿದೆ. ಅವರು ಕೇಳಿಸಿಕೊಂಡರು. ನಾಲ್ಕನೇ ವಾರ ಹೆಂಡತಿಯ ಸರದಿ ಬಂತು.

"ಹೇಳಿಕೊಟ್ಟು ಹೇಳಿಕೊಟ್ಟು ಸಾಕಾಯ್ತು ಮೇಡಂ. ಅವಳ ಕಾಲಿಗೆ ಬ್ರೇಕು ಅನ್ನೋದೊಂದಿದೆ ಅಂತಾನೇ ಗೊತ್ತಿಲ್ಲ."

"ಬೇರೆಯವರಿಗೆ ಕಲಿಸುವಾಗ ನಿಮ್ಮ ಬ್ರೇಕ್ ಯಾವಾಗ ಒತ್ತುತ್ತೀರಿ?"

"ಅವರು ಮರೆತಾಗ. ಇನ್ನೇನು ಗೆರೆ ಬಂತು ಅನ್ನೋವಾಗ. ಅಲ್ಲಿತನಕ ಹಲ್ಲು ಕಚ್ಚಿ ಕಾಯಬೇಕು, ಇಲ್ಲದಿದ್ರೆ ಅವರ ಕಾಲು ಕಲಿಯೋದೇ ಇಲ್ಲ."

"ನಿಮ್ಮ ಮನೆಯವರಿಗೆ?"

ಅವಳ ಪಕ್ಕದಲ್ಲಿ ಕೂತಾಗ ನಾನು ಕಾಯುತ್ತಲೇ ಇರಲಿಲ್ಲ. ಸಿಗ್ನಲ್ ದೂರದಲ್ಲಿರುವಾಗಲೇ, ಅವಳು ಕಾಲೆತ್ತುವ ಮೊದಲೇ ಒತ್ತಿಬಿಡುತ್ತಿದ್ದೆ. ಪರೀಕ್ಷೆಯ ದಿನ ನಾನು ಪಕ್ಕದಲ್ಲಿರುತ್ತಿರಲಿಲ್ಲ. ಅವಳ ಕಾಲಿಗೆ ನಿಲ್ಲಿಸಿ ಅಭ್ಯಾಸವೇ ಇರಲಿಲ್ಲ.

"ನಾನೇನು ಬೇಕಂತ ಮಾಡಿಲ್ಲ ಮೇಡಂ," ಎಂದೆ. ಬೇಕೆಂದೇ ಮಾಡಿದಿರಿ ಎಂದು ಅವರು ಅಂದಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ.

"ಅವರು ಮೊದಲ ಸಲ ಫೇಲಾದ ದಿನ ನಿಮಗೆ ಏನನ್ನಿಸಿತು?"

"ಬೇಜಾರಾಯ್ತು."

ಫ್ಯಾನು ಕಿರುಗುಟ್ಟಿತು. ಆಗ ನೆನಪಾಯಿತು. ಆ ದಿನ ಅವಳು ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು, ನಾನು ಮನೆಯವರೆಗೂ ಮೆಲ್ಲಗೆ ಸಿಳ್ಳೆ ಹಾಕುತ್ತಾ ಕಾರು ಓಡಿಸಿದ್ದೆ.

"ಖುಷಿಯಾಗಿತ್ತು ಮೇಡಂ," ಎಂದೆ. "ಎಲ್ಲದರಲ್ಲೂ ಅವಳೇ ಮುಂದು. ಕಾರಿನೊಳಗೆ ಮಾತ್ರ ನನ್ನ ಮುಖ ನೋಡ್ತಾಳೆ. ಅದನ್ನೂ ಕಲಿತುಬಿಟ್ರೆ ನಾನ್ಯಾಕೆ ಬೇಕು ಅವಳಿಗೆ?"

ನಾಚಿಕೆಯಿಂದ ಕುಗ್ಗಿಹೋದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆಯಲ್ಲಿ ಕಾಲು ಚಾಚಿ ಆರಾಮಾಗಿ ಕೂತಿದ್ದವನು ನಾನೇ. ಮೇಡಂ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ.

"ಇಷ್ಟು ದಿನ ಇದನ್ನ ನಿಮ್ಮ ಕಾಲು ಹೇಳ್ತಿತ್ತು. ಇವತ್ತು ಬಾಯಿ ಹೇಳಿತು," ಎಂದರು. "ಮನೆಯಲ್ಲಿ ಹೇಳೋದು ಬಿಡೋದು ನಿಮಗೆ ಬಿಟ್ಟದ್ದು."

ಸಂಜೆ ಅವಳು ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ, ಸಿಳ್ಳೆಯ ವಿಷಯವನ್ನೂ ಬಿಡದೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಸ್ವಿಚ್ ಆರಿಸಿದಳು.

"ನನ್ನ ಕಾಲಲ್ಲೇ ಏನೋ ತೊಂದರೆ ಇದೆ ಅಂದ್ಕೊಂಡು ನರದ ಡಾಕ್ಟರಿಗೆ ತೋರಿಸ್ಕೊಂಡು ಬಂದೆ ರೀ. ನಿಮಗೆ ಗಾಬರಿ ಆಗಬಾರದು ಅಂತ ಹೇಳಿರಲಿಲ್ಲ."

ಅದಕ್ಕಿಂತ ಕೆನ್ನೆಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು. ತಪ್ಪಾಯಿತು ಎಂದೆ. ಆ ಮಾತು ನನ್ನ ಕಿವಿಗೇ ಸಣ್ಣದಾಗಿ ಕೇಳಿಸಿತು.

"ನಾಳೆಯಿಂದ ಎದುರು ರಸ್ತೆ ಸ್ಕೂಲಲ್ಲಿ ಕಲೀತೀನಿ," ಎಂದಳು.

ಎದುರು ರಸ್ತೆಯ ಮೇಷ್ಟ್ರಿಗೂ ನನಗೂ ಎಣ್ಣೆ ಸೀಗೆಕಾಯಿ. ಅವನಿಗೇನು ಬರುತ್ತೆ ಮಣ್ಣು ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. "ಹೋಗು," ಎಂದೆ.

ಮೂರು ವಾರ ಮನೆಯಲ್ಲಿ ಎಷ್ಟು ಬೇಕೋ ಅಷ್ಟೇ ಮಾತು. ಅಷ್ಟರಲ್ಲಿ ಮಾಲೀಕರು ನನಗೆ ಕಾರು ಮರಳಿ ಕೊಟ್ಟರು. ನಾಲ್ಕನೇ ಸಲ ಅವಳು ಪಾಸಾದಳು. ಆ ಸುದ್ದಿಯನ್ನೂ ಸಾರು ಬಡಿಸುತ್ತಾ ಒಂದೇ ಸಾಲಿನಲ್ಲಿ ಹೇಳಿದಳು.

ಹೊಸ ಕೆಲಸದ ಮೊದಲ ದಿನ ನಮ್ಮ ಹಳೇ ಕಾರನ್ನು ಗೇಟಿನಾಚೆ ತೆಗೆದು, ಕಿಟಕಿಯಿಂದ ತಲೆ ಹಾಕಿದಳು.

"ಬನ್ನಿ, ಸ್ಕೂಲ್ ಹತ್ರ ಇಳಿಸಿ ಹೋಗ್ತೀನಿ. ಹಿಂದೆ ಕೂತ್ಕೊಳ್ಳಿ."

ಬಾಯಿಮುಚ್ಚಿಕೊಂಡು ಹಿಂದೆ ಕೂತೆ. ಮೊದಲ ಸಿಗ್ನಲಿನಲ್ಲಿ ಕೆಂಪು ದೀಪ ಬಿತ್ತು. ಅವಳು ಗೆರೆಗೆ ಒಂದು ಮೊಳ ಮೊದಲೇ ಮೆತ್ತಗೆ ನಿಲ್ಲಿಸಿದಳು. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿದಳು.

"ಒತ್ತಿದ್ರಾ?"

ಇಲ್ಲವಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನನ್ನ ಬಲಗಾಲು ಇನ್ನೂ ಕಾರಿನ ಮ್ಯಾಟನ್ನು ಬಲವಾಗಿ ಅದುಮಿಕೊಂಡೇ ಇತ್ತು.

"ಒತ್ತಿದೆ," ಎಂದೆ. "ನೀನು ಒತ್ತೋದಕ್ಕಿಂತ ಮುಂಚೆ."

ಅವಳು ಇನ್ನೂ ಸ್ವಲ್ಪ ಹೊತ್ತು ಕನ್ನಡಿಯಲ್ಲೇ ನೋಡಿದಳು. ಆ ಸಂಜೆಯ ನಂತರ ಮೊದಲ ಸಲ ಅವಳ ತುಟಿಯಂಚಿನಲ್ಲಿ ನಗು ಕಂಡಿತು.

"ಎಲ್ಲಿ, ಈಗ ಒಂದು ಸಿಳ್ಳೆ ಹಾಕಿ ನೋಡೋಣ."

ತುಟಿ ಮುಂದೆ ಮಾಡಿದೆ. ಬರೀ ಗಾಳಿ ಬಂತು. ಹಸಿರು ದೀಪ ಬಿತ್ತು, ಅವಳು ಕಾರು ಬಿಟ್ಟಳು.