ಮುಖಕ್ಕೂ ಬೆಂಕಿಗೂ ನಡುವೆ

ಮಾಘದ ಬಿಸಿಲು. ಪರಸಪ್ಪನ ಅಂಗಳದ ತುಂಬ ಮೆಣಸಿನಕಾಯಿ ಹರವಿತ್ತು. ಹೆಂಗಸರು ಕುಳಿತು ತೊಟ್ಟು ಬಿಡಿಸುತ್ತಿದ್ದರು. ಬೇವಿನ ಗಿಡದ ಕೆಳಗೆ, ಬಾಗಿಲು ತೆರೆದ ಹಳೆಯ ವ್ಯಾನಿನ ಮುಂದೆ, ನಾನು ಅವನ ಎಡಗೈಯಲ್ಲಿ ನಡುಗುತ್ತಿದ್ದೆ. ನಡುಕ ಅವನದು, ಹಿಡಿಕೆ ಮಾತ್ರ ನನ್ನದು.

ನಾನು ಒಂದು ಶೀಲ್ಡು. ವೆಲ್ಡಿಂಗ್ ಮಾಡುವವರು ಮುಖಕ್ಕೆ ಹಿಡಿದುಕೊಳ್ಳುವ ಕೆಂಪು ಫೈಬರಿನ ಮರೆ. ಯಾವುದೋ ದೂರದ ಊರಿನಲ್ಲಿ ಬಿಸಿ ಅಚ್ಚಿನ ಕೆಳಗೆ ಸಿಕ್ಕಿ ಹುಟ್ಟಿದೆ. ಕಣ್ಣಿನ ಜಾಗದಲ್ಲಿ ಕಪ್ಪು ಗಾಜು ಕೂರಿಸಿದರು. ನನ್ನ ಹೊರಮೈಗೆ ಬೆಂಕಿ, ಒಳಮೈಗೆ ಮನುಷ್ಯರ ಉಸಿರು. ಹಿಡಿದವರ ಎದೆಯಲ್ಲಿ ಏನಿದೆ ಎಂಬುದು ನನಗೆ ಉಸಿರಿನಿಂದಲೇ ತಿಳಿಯುತ್ತದೆ.

ನನ್ನನ್ನು ಮೊದಲು ಕೊಂಡವನು ಇಮಾಮಸಾಬ. ಊರಿನ ಟ್ರೇಲರುಗಳೆಲ್ಲ ಅವನ ಕೈಯಲ್ಲೇ ಆದವು. ಅವನ ಉಸಿರು ನಿದ್ದೆ ಹೋದವನ ಉಸಿರಿನಂತೆ ಸಮ. ಅಂಜಿಕೆಯೆಂಬುದೇ ಇರಲಿಲ್ಲ. ದೊಡ್ಡ ಬೆಸುಗೆಗೆ ಮಾತ್ರ ನನ್ನನ್ನು ಎತ್ತುವನು. ಸಣ್ಣ ಚುಕ್ಕಿ ಇಡುವಾಗ ನಾನು ನೆಲದ ಮೇಲೆ, ಅವನು ಕಣ್ಣು ಕಿರಿದು ಮಾಡಿ ಕೆಲಸ ಮುಗಿಸುವನು. ರಾತ್ರಿ ಕಣ್ಣಿಗೆ ಮರಳು ತುಂಬಿದಂತೆ ಉರಿದರೆ ಆಲೂಗಡ್ಡೆ ಹೋಳು ಇಟ್ಟುಕೊಂಡು ಮಲಗುವನು. ಹೀಗೆ ವರ್ಷಗಳು ಸಂದು, ಅವನ ಕಣ್ಣಿಗೆ ಮಂಜು ಕವಿಯಿತು. ನಾನು ಗೋಡೆಯ ಮೊಳೆಗೆ ನೇತುಬಿದ್ದೆ.

ಆಗ ಬಂದವನು ಪರಸಪ್ಪ. ಅವನ ವ್ಯಾನಿನ ಹಿಂದಿನ ಸೀಟಿನ ಕೆಳಗೆ ತಗಡು ತುಕ್ಕು ತಿಂದು ತೂತು ಬಿದ್ದಿತ್ತು. ಬರುವ ವಾರ ಮಗಳು ಸಾವಂತ್ರಿಯನ್ನು ಸೀಮಂತದ ಕುಬಸ ಮುಗಿಸಿ, ಚೊಚ್ಚಲ ಬಾಣಂತನಕ್ಕೆ ಅದೇ ಸೀಟಿನಲ್ಲಿ ಕರೆತರಬೇಕು. ನೀವೇ ಬೆಸೆದು ಕೊಡಿ ಎಂದು ಕೇಳಿದ. ತೆಳು ತಗಡು ಈ ಕಣ್ಣಿಗೆ ಕಾಣದೆಂದು ಇಮಾಮಸಾಬ ಒಪ್ಪಲಿಲ್ಲ. ಯಂತ್ರ ತಂದು ಕಲಿಸುತ್ತೇನೆ, ನೀನೇ ಬೆಸೆ ಎಂದ. ಬದಲಿಗೆ ಮುಯ್ಯಿ: ತನ್ನ ಶೆಡ್ಡಿನಲ್ಲಿ ಅರ್ಧಕ್ಕೆ ನಿಂತ ಟ್ರೇಲರಿನ ಹಿಂಬಾಗಿಲನ್ನು ಪರಸಪ್ಪ ಒಂದು ದಿನ ದುಡಿದು ಮುಗಿಸಿಕೊಡಬೇಕು.

ಮೊದಲು ಚೂರು ತಗಡಿನ ಮೇಲೆ ಕಲಿಕೆ ನಡೆಯಿತು. ವೆಲ್ಡಿಂಗ್ ಕಡ್ಡಿ ತಾಗಿಸಿದರೆ ಅಂಟಿಕೊಳ್ಳುವುದು, ಎತ್ತಿದರೆ ಆರುವುದು. ಗೆರೆ ಎಳೆಯಲು ಹೋದರೆ ತಗಡು ಕರಗಿ ತೂತೇ ದೊಡ್ಡದಾಗುವುದು. ಬೆಂಕಿ ಹೊತ್ತಿದಾಗಲೆಲ್ಲ ಪರಸಪ್ಪನ ಉಸಿರು ನನ್ನೊಳಗೆ ಕಟ್ಟಿಹೋಗುತ್ತಿತ್ತು.

"ಹೊಲಗಿ ಹಾಕಿದಂಗ ಎಳೀಬ್ಯಾಡ," ಎಂದ ಇಮಾಮಸಾಬ. "ರಂಗೋಲಿ ಚುಕ್ಕಿ ಇಡು. ಇಲ್ಲೊಂದು, ದೂರ ಅಲ್ಲೊಂದು. ಆರಲಿ. ಆಮ್ಯಾಲ ನಡಕ ಇನ್ನೊಂದು."

"ಬಿಟ್ಟು ಹೋದ್ರ ಕಾಕಾ? ಎರಡು ಜೀವ ಕುಂದ್ರತಾವ ಅದರ ಮ್ಯಾಲ."

ಇಮಾಮಸಾಬ ಇನ್ನೊಂದು ಚೂರು ತಗಡನ್ನು ಅವನ ಮುಂದೆ ಸರಿಸಿದ.

ವ್ಯಾನಿನ ಪೆಟ್ರೋಲ್ ಟ್ಯಾಂಕು ಬಿಚ್ಚಿ ಹಿತ್ತಲಿಗೆ ಒಯ್ದರು. ಬ್ಯಾಟರಿ ತೆಗೆದರು. ಸೀಟು ಕಳಚಿದರು. ಎಲ್ಲ ನೋಡಿದೆವು ಎಂದುಕೊಂಡರು. ಆದರೆ ಪ್ರತಿ ಸುಗ್ಗಿಯಲ್ಲೂ ಆ ವ್ಯಾನು ಪೇಟೆಗೆ ಮೆಣಸಿನಕಾಯಿ ಚೀಲ ಹೊತ್ತಿತ್ತು. ನೆಲದ ಕೆಳಗಿನ ಪೊಳ್ಳಿನೊಳಗೆ ಸೋರಿದ ಬೀಜ, ಸಿಪ್ಪೆ, ಪುಡಿ ಕೂತಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಕೆಲವೇ ಚುಕ್ಕಿ ಬಿದ್ದಿರಬೇಕು, ಪೊಳ್ಳಿನಿಂದ ಹೊಗೆ ಎದ್ದಿತು. ಅಂಥ ಘಾಟು ನಾನು ಕಂಡಿರಲಿಲ್ಲ. ಹೆಂಗಸರು ಕೆಮ್ಮುತ್ತ ಸೆರಗು ಮುಚ್ಚಿಕೊಂಡು ಓಡಿದರು. ಪರಸಪ್ಪ ನನ್ನನ್ನು ಬಿಸಾಕಿ ಓಡಿದ. ನಾನು ಕಲ್ಲಿಗೆ ಬಡಿದು ಅಂಚು ಸೀಳಿತು. ಗಾಜು ಹೇಗೋ ಉಳಿಯಿತು. ಬಿದ್ದಲ್ಲಿಂದ ನೋಡಿದೆ: ತೂತಿನೊಳಗೆ ಕೆಂಪು ನಾಲಿಗೆ ಆಡುತ್ತಿತ್ತು. ಗಾಳಿ ಇದ್ದದ್ದು ಮೆಣಸಿನಕಾಯಿ ರಾಶಿಯ ಕಡೆಗೆ. ವ್ಯಾನು, ರಾಶಿ, ಮನೆ ಎಲ್ಲ ಹೋಯಿತೆಂದೇ ಅಂದುಕೊಂಡೆ.

ಆ ಹೊಗೆಯಲ್ಲಿ ಓಡದೆ ಉಳಿದವನು ಇಮಾಮಸಾಬ ಒಬ್ಬನೇ. ತಡವರಿಸುತ್ತ ಒದ್ದೆ ಗೋಣಿತಟ್ಟನ್ನು ಹುಡುಕಿ ತೂತಿಗೆ ಒತ್ತಿದ. ಅವನ ಸಮ ಉಸಿರು ತುಂಡು ತುಂಡಾಗುವುದು ಬಿದ್ದಲ್ಲಿಗೇ ಕೇಳಿತು. ಅವನ ಅಂಜಿಕೆಯನ್ನು ನಾನು ಕಂಡದ್ದು ಅದೇ ಮೊದಲು. ಪರಸಪ್ಪ ಬಾಯಿಗೆ ಟವೆಲು ಕಟ್ಟಿಕೊಂಡು ತಿರುಗಿ ಬಂದ, ಕೊಡ ಕೊಡ ನೀರು ಸುರಿದ. ಬೆಂಕಿ ನಂದಿತು.

ಪರಸಪ್ಪನ ಹೆಂಡತಿ ಕಸ್ತೂರೆವ್ವ ಕಣ್ಣು ಒರೆಸಿಕೊಂಡು, "ಮಗಳ ದೃಷ್ಟಿ ಕಳದಂಗಾತು ಬಿಡ್ರಿ. ನಾ ಒಲೀಗೆ ಹಾಕೂದು ಮೂರ ಕಾಯಿ, ನೀವು ಚೀಲಾನ ಸುಟ್ರಿ," ಎಂದಳು. ಯಾರೋ ಕೆಮ್ಮಿನ ನಡುವೆಯೇ ನಕ್ಕರು.

ಪರಸಪ್ಪ ನಗಲಿಲ್ಲ. ಕಡ್ಡಿ ಮುಟ್ಟಲಾರೆನೆಂದು ಕಟ್ಟೆಯ ಮೇಲೆ ಕುಳಿತ.

ಇಮಾಮಸಾಬ ನನ್ನ ಧೂಳು ಒರೆಸಿ ಅವನ ಕೈಗಿಟ್ಟ. "ದುಡಿಯೂ ವಯಸ್ಸಿನ್ಯಾಗ ನಾ ಈ ಬೆಳಕಿಗೆ ಅಂಜಲಿಲ್ಲ ಪರಸೂ. ನೋಡ, ನಿನ್ನ ಮಾರಿ ನನಗ ಕಾಣವಲ್ಲದು. ನೀ ಅಂಜಕೋಂತನ ಮಾಡು."

ಪೊಳ್ಳು ಗೋರಿ, ತೊಳೆದು, ಒಣಗಿಸಿ ಮತ್ತೆ ತೊಡಗಿದರು. ಸಂಜೆಗೆ ತಗಡು ಕೂತಿತು, ಟ್ಯಾಂಕು, ಬ್ಯಾಟರಿ ಮತ್ತೆ ಜೋಡಿಸಿದರು. ಪರಸಪ್ಪ ಮರಳಿನ ಚೀಲ ಇಟ್ಟು ನೋಡೋಣ ಎಂದ. ಇಮಾಮಸಾಬ ವ್ಯಾನು ಹತ್ತಿ ಬೆಸುಗೆಯ ಮೇಲೆ ತಾನೇ ಕುಳಿತ. ಕೆರೆ ಏರಿಯ ಕೊರಕಲು ದಾರಿಯಲ್ಲಿ ಹೋಗಿ ಬಂದರು. ಇಳಿದವನೇ ಚುಕ್ಕಿಗಳನ್ನೆಲ್ಲ ಬೆರಳಿನಿಂದ ಸವರಿ, "ಮಗಳನ್ನ ಕರಕೊಂಡ ಬಾ," ಎಂದ.

ಸಾವಂತ್ರಿ ಬಂದಳು. ಮರುದಿನ ಬೆಳಿಗ್ಗೆ ಪರಸಪ್ಪ ಮುಯ್ಯಿ ತೀರಿಸಲು ಶೆಡ್ಡಿಗೆ ಬಂದ.

ಈಗ ನಾನು ಮುದಿ. ಹೊಸ ಶೀಲ್ಡು ಬಂದಿದೆ, ನನ್ನ ಸೀಳಿನಲ್ಲಿ ಜೇಡ ಮನೆ ಮಾಡಿದೆ. ಆ ದಿನ ಮಾತ್ರ ಮರೆತಿಲ್ಲ. ಇಮಾಮಸಾಬ ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತು ಬೆಸುಗೆಯ ಸದ್ದು ಕೇಳುತ್ತಿದ್ದ. ಸಾಸಿವೆಯಷ್ಟು ಚುಕ್ಕಿಗೂ ಪರಸಪ್ಪ ನನ್ನನ್ನು ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಉಸಿರು ನನ್ನೊಳಗೆ ನಡುಗುತ್ತಲೇ ಇತ್ತು. ಹೊತ್ತು ಮುಳುಗುವಾಗ ಹಿಂಬಾಗಿಲು ಮುಗಿಯಿತು. ಇಮಾಮಸಾಬ ಅದನ್ನು ಸವರಲೂ ಇಲ್ಲ.

"ಮುಯ್ಯಿ ಮುಟ್ಟಿತು," ಎಂದ.